ಎರಡು ಗಂಟಿನ ಕುಪ್ಪಸದ ಕಣ

ಈಗೀಗ ಯಾರಾದರೂ "ನೋಡ್ರಿ, ಎಂಥಾ ವಿಚಿತ್ರ" ಎಂದು ಮಾತು ಶುರು ಮಾಡಿದರೆ ಸಾಕು, ನನಗೆ ಸುಸ್ತಾಗುತ್ತದೆ. ಕನಸಿನಲ್ಲಿ ಅಜ್ಜ ಬಂದಿದ್ದ, ಬೆಳಿಗ್ಗೆ ನೋಡಿದರೆ ಕೋರ್ಟಿನ ಕಾಗದ ಬಂದಿತ್ತು. ಎಡಗಣ್ಣು ಹಾರಿತು, ಸಂಜೆಗೆ ಮಗಳಿಗೆ ವರ ಗೊತ್ತಾಯಿತು. ನಾನು ಮೂವತ್ತು ವರ್ಷ ನಾರಾಯಣಪೇಟೆಯ ಸರ್ಕಾರಿ ಶಾಲೆಗಳಲ್ಲಿ ತೆಲುಗಿನಲ್ಲಿ ಲೆಕ್ಕ ಕಲಿಸಿದವಳು, ಮನೆಯಲ್ಲಿ ಕನ್ನಡದಲ್ಲಿ ಜಗಳವಾಡಿದವಳು. ಅಜ್ಜ ಕನಸಿಗೆ ಬಂದೂ ಏನೂ ಆಗದೆ ಹೋದ ಬೆಳಗುಗಳನ್ನು ಎಣಿಸಿದ್ದೀರಾ ಎಂದು ಎದುರಿನವರನ್ನು ಕೇಳುವುದು ನನ್ನ ಚಟವಾಗಿತ್ತು. ಕೇಳಿದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. "ಕಾಗಿ ಕುಂತಿತು, ಟೊಂಗಿ ಮುರೀತು, ಅಷ್ಟ" ಎಂದು ಹೇಳಿ ನಾನು ಎದ್ದುಬಿಡುತ್ತಿದ್ದೆ. ಆಗ ಹಾಗೆ ಏಳುವುದರಲ್ಲಿ ಒಂದು ಗತ್ತಿತ್ತು. ಈಗ ಮೊಣಕಾಲು ಹಿಡಿದುಕೊಂಡು ಏಳಬೇಕು.

ನನಗೂ ಅಂಥದ್ದೊಂದು ಆಯಿತು. ಅದನ್ನು ಹೇಳಬೇಕಾದರೆ ಮೊದಲು ಕುಪ್ಪಸದ ಕಣದ ಸಂಗತಿ ಹೇಳಬೇಕು.

ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅರಿಷಿಣ ಕುಂಕುಮ ಹಚ್ಚಿ, ಸೆರಗೊಡ್ಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಜೊತೆಗೆ ಕುಪ್ಪಸಕ್ಕೆಂದು ಒಂದು ಕಣ ಇಟ್ಟು ಉಡಿ ತುಂಬುತ್ತಾರೆ. ಈಗಿನವರು ಅದನ್ನು ಜಂಪರ್ ಪೀಸು ಅನ್ನುತ್ತಾರೆ. ಹೀಗೆ ಬಂದ ಕಣವನ್ನು ಹೊಲಿಸಿಕೊಂಡವರನ್ನು ನಾನು ಬಹಳ ಕಂಡಿಲ್ಲ. ಅಳತೆಗೆ ಸಾಲುವುದಿಲ್ಲ, ಯಾವ ಸೀರೆಗೂ ಹೊಂದುವುದಿಲ್ಲ. ಪೆಟ್ಟಿಗೆಯಲ್ಲಿಟ್ಟು, ಮುಂದೆ ಬಂದವರ ಉಡಿಗೆ ಅದನ್ನೇ ಹಾಕುತ್ತಾರೆ. ಅವರೂ ಅಷ್ಟೇ ಮಾಡುತ್ತಾರೆ. ನಾರಾಯಣಪೇಟೆ, ಮಕ್ತಲ್, ನಾರ್ವ, ಗದ್ವಾಲ ಎಂದು ಕೆಲವು ಕಣಗಳು ನಮಗಿಂತ ಹೆಚ್ಚು ಊರು ತಿರುಗಿರುತ್ತವೆ.

ಇದರಲ್ಲಿ ಒಂದೇ ಒಂದು ಅಪಾಯ. ಕೊಟ್ಟವರಿಗೇ ಅವರ ಕಣವನ್ನು ತಿರುಗಿ ಕೊಡಬಾರದು. ನಮ್ಮ ಅವ್ವ ಒಮ್ಮೆ ಆ ತಪ್ಪು ಮಾಡಿದ್ದಳು. ಮಲ್ದಕಲ್‌ನಿಂದ ಬಂದ ಬೀಗತಿಯ ಉಡಿಗೆ ಆಕೆಯೇ ಹಿಂದಿನ ವರ್ಷ ಕೊಟ್ಟಿದ್ದ ಕಣ ಬಿತ್ತು. ಆ ಪುಣ್ಯಾತ್ಗಿತ್ತಿ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು, "ಅಯ್ಯ, ನನ್ನ ಕಣ ತವರುಮನಿಗೆ ಬಂತು ನೋಡ್ರಿ" ಎಂದಳು. ಪಡಸಾಲೆಯ ತುಂಬ ಇದ್ದ ಹೆಂಗಸರು ನಕ್ಕರು. ಅವ್ವ ಆ ದಿನ ಊಟ ಮಾಡಲಿಲ್ಲ.

ಆಮೇಲೆ ಅವಳು ಒಂದು ಉಪಾಯ ಮಾಡಿದಳು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಪಕ್ಕದ ನೇಕಾರರ ಮನೆಯಿಂದ ಮಗ್ಗದ ಕೆಳಗೆ ಬಿದ್ದ ರೇಷ್ಮೆ ಎಳೆಯ ತುಂಡುಗಳನ್ನು ತಂದು, ಬಂದ ಪ್ರತಿ ಕಣದ ಒಳಮೂಲೆಗೆ ಸಾಸಿವೆ ಕಾಳಿನಷ್ಟು ಗಂಟು ಹಾಕತೊಡಗಿದಳು. ನನ್ನ ಮನೆಯಿಂದ ಹೋದದ್ದಕ್ಕೆ ಒಂದು ಗಂಟು. ಗದ್ವಾಲದಲ್ಲಿದ್ದ ಅಕ್ಕನ ಮನೆಯಿಂದ ಬಂದದ್ದಕ್ಕೆ ಎರಡು. ನಾರ್ವದ ಸೋದರತ್ತೆಗೆ ಮೂರು. ಹೀಗೆ ಏಳರವರೆಗೆ ಇತ್ತು. ಕೊಡುವ ಮೊದಲು ಕಣ್ಣಿಂದ ನೋಡುತ್ತಲೂ ಇರಲಿಲ್ಲ, ಬೆರಳಿನಿಂದ ಮೂಲೆಯನ್ನು ಸವರಿ ಎಣಿಸುತ್ತಿದ್ದಳು. ನಾನು ಲೆಕ್ಕದ ಟೀಚರ್ ಆಗಿದ್ದು ಇವಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೇ ಇರಬೇಕು.

ಆರು ವರ್ಷದ ಹಿಂದೆ ಅವ್ವ ನನ್ನ ಮನೆಯಲ್ಲಿ ನಾಲ್ಕು ತಿಂಗಳು ಹಾಸಿಗೆ ಹಿಡಿದು ಹೋದಳು. ಆ ನಾಲ್ಕು ತಿಂಗಳಲ್ಲಿ ಅಕ್ಕ ಬಂದದ್ದು ಒಂದೇ ಸಲ, ಅದೂ ಎರಡು ದಿನಕ್ಕೆ. ಅವಳ ಮಗಳ ಬಾಣಂತನವಿತ್ತು, ಕೂಸು ಗಟ್ಟಿಯಿರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಶಾಲೆಗೂ ಹೋಗಿ, ಅವ್ವನನ್ನೂ ಎತ್ತಿ ಇಳಿಸಿ, ನನ್ನ ಸೊಂಟ ಬಿದ್ದುಹೋಗಿತ್ತು. ಹನ್ನೊಂದನೆಯ ದಿನದ ಊಟಕ್ಕೆ ಎಲೆ ಹಾಕುವ ಹೊತ್ತಿನಲ್ಲಿ ಅಕ್ಕ ಮೆಲ್ಲಗೆ, "ಅವ್ವನ ಕಣದ ಪೆಟ್ಟಿಗಿ ನನಗ ಕೊಡು, ಆಕಿ ಗಂಟು ಹಾಕಿದ್ದು ಅದಾವ" ಎಂದು ಕೇಳಿದಳು. ನಾನು ಎಲ್ಲರಿಗೂ ಕೇಳುವಂತೆ, "ಜೀವ ಇದ್ದಾಗ ಬರದಾಕಿ ಪೆಟ್ಟಿಗಿಗೆ ಬಂದ್ಯಾ?" ಎಂದೆ.

ಅಕ್ಕ ಊಟ ಮಾಡದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದವಳು ನಾನೇ.

ಮುಂದಿನ ಶ್ರಾವಣದಲ್ಲಿ ಆ ಪೆಟ್ಟಿಗೆಯನ್ನು ನೋಡಿದರೆ ಸಿಟ್ಟು ಬರತೊಡಗಿತು. ಮನೆಗೆ ಬಂದಬಂದವರ ಉಡಿಗೆಲ್ಲ ಅವ್ವನ ಕಣಗಳನ್ನು ಹಾಕಿದೆ. ಗಂಟು ಎಣಿಸಲಿಲ್ಲ. ಪೆಟ್ಟಿಗೆ ಖಾಲಿಯಾದ ಮೇಲೆ ಅದರಲ್ಲಿ ಜೋಳ ತುಂಬಿಟ್ಟೆ.

ಅಕ್ಕನ ಸುದ್ದಿಯನ್ನು ಯಾರೂ ನನ್ನ ಮುಂದೆ ಎತ್ತದಂತೆ ನೋಡಿಕೊಂಡೆ. ಯಾರಾದರೂ "ನಿಮ್ಮ ಅಕ್ಕಾರು" ಎಂದು ಬಾಯಿ ತೆರೆದರೆ ನಾನು ಮಳೆಯ ಮಾತು ತೆಗೆಯುತ್ತಿದ್ದೆ. ನಾಲ್ಕೈದು ಸಲ ಹಾಗೆ ಮಾಡಿದರೆ ಜನರಿಗೆ ತಿಳಿಯುತ್ತದೆ. ಆಮೇಲೆ ಅವರೇ ಮಳೆಯ ಮಾತು ತೆಗೆಯುತ್ತಾರೆ.

ಕಳೆದ ಮಾಘದಲ್ಲಿ ಮಕ್ತಲ್‌ನಲ್ಲಿ ಒಂದು ಕುಬಸಕ್ಕೆ ಹೋಗಿದ್ದೆ. ನನ್ನ ಜೊತೆ ಶಾಲೆಯಲ್ಲಿದ್ದ ಗೆಳತಿಯ ಸೊಸೆ ಏಳು ತಿಂಗಳ ಬಸುರಿ. ಹಾಡು, ಆರತಿ, ಹೋಳಿಗೆ ಎಲ್ಲ ಮುಗಿದು ಹೊರಡುವಾಗ ಗೆಳತಿ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಬಸ್ಸಿನಲ್ಲಿ ಕುಳಿತು, ಅಕ್ಕಿ ಚೆಲ್ಲಬಾರದೆಂದು ಸೆರಗಿನ ಗಂಟನ್ನು ಸರಿಮಾಡುವಾಗ ಕಣ ಕೈಗೆ ಬಂತು. ಹಸಿರೂ ಅಲ್ಲದ ನೀಲಿಯೂ ಅಲ್ಲದ ಒಂದು ಬಣ್ಣ, ಕೇಸರಿ ಅಂಚು. ಇದನ್ನು ಯಾವ ಹೆಣ್ಣು ಹೊಲಿಸಿಕೊಂಡಾಳು ಎಂದುಕೊಳ್ಳುತ್ತ ಮಡಿಕೆ ಬಿಡಿಸಿದೆ. ಒಳಮೂಲೆಯಲ್ಲಿ ಬೆರಳಿಗೆ ಏನೋ ತಾಗಿತು.

ಎರಡು ಗಂಟು.

ಬಸ್ಸಿನಲ್ಲಿ ಜನರಿದ್ದರು, ಹಾಗಾಗಿ ಅಳಲಿಲ್ಲ. ಊರು ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಆ ಮೂಲೆಯನ್ನು ಹಿಡಿದುಕೊಂಡೇ ಇದ್ದೆ.

ಮನೆಗೆ ಬಂದು ಗೆಳತಿಗೆ ಫೋನು ಮಾಡಿದೆ. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಆಕೆಗೆ ಕೆಡುಕೆನಿಸಿತು. "ಅಲ್ರೀ ಅಕ್ಕಾರ, ಬಣ್ಣ ಮನಸ್ಸಿಗೆ ಬರಲಿಲ್ಲೇನು? ಗುಂಡುಮಾಲಿನವರು ಕೊಟ್ಟಿದ್ದರು. ಅವರಿಗೆ ಯಾರು ಕೊಟ್ಟರೋ ದೇವರಿಗೇ ಗೊತ್ತು" ಎಂದಳು. ನಾನು ವಿಷಯ ಹೇಳಿದೆ. ಆಕೆ, "ಇದು ನಿಮ್ಮ ಅವ್ವಾರೇ ಕಳಿಸಿದ್ರು ನೋಡ್ರಿ. ಗದ್ವಾಲಕ್ಕ ಹೋಗಿ ಬರ್ರಿ" ಎಂದಳು.

ಅವ್ವ ಕಳಿಸಿದ್ದಂತೆ! ನಾನು ಹಾಳೆ ಪೆನ್ಸಿಲ್ ತೆಗೆದುಕೊಂಡು ಕುಳಿತೆ. ಈ ನಾಲ್ಕಾರು ಊರುಗಳಲ್ಲಿ ಮನೆಯಲ್ಲಿ ಕನ್ನಡ ಆಡುವ, ಒಬ್ಬರ ಕಾರ್ಯಕ್ಕೆ ಒಬ್ಬರು ಹೋಗುವ ನಮ್ಮ ಬಳಗದ ಮನೆಗಳೆಷ್ಟು? ಬಹಳವೆಂದರೆ ಐವತ್ತು. ನಾನು ಹೊರಗೆ ಬಿಟ್ಟ ಕಣಗಳು ಅಷ್ಟೇ ಇದ್ದಾವು. ಯಾರೂ ಹೊಲಿಸುವುದಿಲ್ಲ, ಯಾರೂ ಎಸೆಯುವುದಿಲ್ಲ. ಹಾಗಿದ್ದ ಮೇಲೆ ಒಂದಲ್ಲ ಒಂದು ನನ್ನ ಉಡಿಗೆ ಬರದಿದ್ದರೇ ವಿಚಿತ್ರ. ಲೆಕ್ಕ ಸರಿಯಾಗಿತ್ತು. ಈಗಲೂ ಸರಿಯಾಗಿದೆ, ಯಾರಿಗೆ ಬೇಕಾದರೂ ಮಾಡಿ ತೋರಿಸುತ್ತೇನೆ. ಕಣವನ್ನು ಮಡಚಿ ಕಪಾಟಿನಲ್ಲಿಟ್ಟೆ.

ನಾಲ್ಕು ತಿಂಗಳು ಅದು ಅಲ್ಲೇ ಇತ್ತು. ಕಪಾಟು ತೆರೆದಾಗಲೆಲ್ಲ ಅದೇ ಕಾಣುತ್ತಿತ್ತು. ಸೀರೆಗಳ ಕೆಳಗೆ ತಳ್ಳಿದೆ. ಕೈ ಅಲ್ಲಿಗೇ ಹೋಗುತ್ತಿತ್ತು. ನಾನು ಗದ್ವಾಲಕ್ಕೆ ಹೋದದ್ದು ಶಕುನವನ್ನು ನಂಬಿ ಅಲ್ಲ. ಸಿಟ್ಟು ಹೊತ್ತು ತಿರುಗುವುದು ಈ ವಯಸ್ಸಿನಲ್ಲಿ ಕೈಲಾಗುವುದಿಲ್ಲ, ಅಷ್ಟೇ. ಒಂದು ಬೆಳಿಗ್ಗೆ ಎದ್ದು, ಬೇಸತ್ತು, ಕಣವನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟೆ. ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಕೃಷ್ಣೆ ದಾಟಿ, ಮಧ್ಯಾಹ್ನಕ್ಕೆ ಅಕ್ಕನ ಮನೆ ಮುಟ್ಟಿದೆ.

ಅಕ್ಕ ಪಡಸಾಲೆಯ ಮಂಚದ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಬಾಗಿಲಲ್ಲಿ ನಿಂತ ನನ್ನ ಕಡೆ ಮುಖ ಎತ್ತಿ, "ಯಾರು?" ಎಂದಳು. ಸಿಟ್ಟಿನಿಂದ ಗುರುತಿಲ್ಲದವಳಂತೆ ಆಡುತ್ತಿದ್ದಾಳೆ ಎಂದೇ ಮೊದಲು ಅನಿಸಿತು. ನಮ್ಮಿಬ್ಬರದೂ ಒಂದೇ ರಕ್ತವಲ್ಲವೇ! ನಾನೂ ಬಿಗುಮಾನದಿಂದ ಸುಮ್ಮನೆ ನಿಂತೆ.

ಒಳಗಿನಿಂದ ಅವಳ ಸೊಸೆ ಬಂದಳು. ನನ್ನನ್ನು ನೋಡಿ ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು. "ಬರ್ರಿ ಸಣ್ಣತ್ತಿ, ಒಳಗ ಬರ್ರಿ. ಅತ್ತಿ, ನಿಮ್ಮ ತಂಗಿ ಬಂದಾರ" ಎಂದು ಜೋರಾಗಿ ಹೇಳಿ, ನನ್ನ ಕಡೆ ತಿರುಗಿ ದನಿ ಇಳಿಸಿದಳು. "ಅವರಿಗೆ ಕಾಣೂದಿಲ್ರಿ. ಸಕ್ಕರಿ ಬೇನಿ. ಎರಡೂ ಕಣ್ಣು ಹೋಗಿ ವರ್ಷಾತು. ನಿಮಗ ಗೊತ್ತಿಲ್ಲೇನ್ರಿ?"

ಐವತ್ತು ಮನೆ ದಾಟಿ ಒಂದು ತುಂಡು ಬಟ್ಟೆ ನನ್ನ ಹತ್ತಿರ ಬಂದಿತ್ತು. ಈ ಸುದ್ದಿ ಬಂದಿರಲಿಲ್ಲ. ಅದು ಬರುವ ಬಾಗಿಲನ್ನು ನಾನೇ ಹಾಕಿಕೊಂಡಿದ್ದೆ. ಹೋಗಿ ಅಕ್ಕನ ಪಕ್ಕದಲ್ಲಿ ಕುಳಿತೆ. ಕಣವನ್ನು ತೆಗೆದು ಅವಳ ಕೈಯಲ್ಲಿಟ್ಟೆ. ಅಕ್ಕ ಅದನ್ನು ಬಿಡಿಸಿ ಥೇಟು ಅವ್ವನ ಹಾಗೆ ಮೂಲೆ ಸವರಿದಳು.

"ಎರಡು" ಎಂದಳು. ಅಂಚಿನ ಮೇಲೆ ಬೆರಳಾಡಿಸಿ, "ಕೇಸರಿ ಅಂಚಿಂದು ಹೌದಲ್ಲ?"

"ನಿನಗ ಹೆಂಗ ಗೊತ್ತು?"

"ಎರಡು ವರ್ಷದ ಹಿಂದ ಇದು ನನಗ ಬಂದಿತ್ತು. ನಾರ್ವದಾಗ ಉಡಿ ತುಂಬಿದ್ರು. ನಾನ ಅವ್ವಗ ಕೊಟ್ಟದ್ದು, ನನಗ ಬಂತು. ಒಂದು ವಾರ ತಲಿದಿಂಬಿನ ಬುಡಕ ಇಟ್ಕೊಂಡು ಮಲಗಿದೆ. ಬರಾಕ ಸೀರಿ ಸೈತ ಉಟ್ಟಿದ್ದೆ."

"ಮತ್ಯಾಕ ಬರಲಿಲ್ಲ?"

"ನೀ ನಗತೀ ಅಂತ" ಎಂದಳು ಅಕ್ಕ. "ಅವ್ವ ಕರದಾಳ ಅಂತ ಬಂದೀನಿ ಅಂದ್ರ ನೀ ಏನಂತಿದ್ದಿ? ಕಾಗಿ ಕುಂತಿತು, ಟೊಂಗಿ ಮುರೀತು, ಅಂತಿದ್ದಿ. ಅಷ್ಟ ಇರಬೇಕು ಬಿಡು ಅಂತ ನಾನೂ ಅಂದ್ಕೊಂಡೆ. ಗುಂಡುಮಾಲಿನಾಕಿ ಬಂದಾಗ ಆಕಿ ಉಡಿಗೆ ಹಾಕಿಬಿಟ್ಟೆ."

ಎರಡು ವರ್ಷದ ಹಿಂದೆ ಅವಳಿಗೆ ಕಣ್ಣು ಕಾಣುತ್ತಿತ್ತು. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ. ಅಂಥ ಲೆಕ್ಕ ನನಗೆ ಬೇಗ ಬರುತ್ತದೆ. "ತಪ್ಪಾತು ಅಕ್ಕ. ಅವತ್ತು ಹಂಗ ಅನ್ನಬಾರದಿತ್ತು" ಎಂದೆ. ಆರು ವರ್ಷದಲ್ಲಿ ಹೇಳಲಾಗದ ಮಾತು ಒಂದು ಉಸಿರಿನಲ್ಲಿ ಮುಗಿಯಿತು. ಆಮೇಲೆ ಇಬ್ಬರೂ ಅತ್ತೆವು. ಸೊಸೆ ಪಾಪ, ಚಹಾ ತಂದು, ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡು ನಿಂತಿದ್ದಳು.

ಅಕ್ಕನೇ ಮೊದಲು ಮೂಗು ಒರೆಸಿಕೊಂಡಳು. "ಕೂದಲಾ ಬೆಳ್ಳಗಾದುವೇನು ನಿನ್ನವು?" ಎಂದು ಕೇಳಿದಳು.

"ಪೂರಾ."

"ಆಗಲಿ. ನನಗೇನು? ನನ್ನ ಪಾಲಿಗೆ ನೀ ಅವತ್ತು ಹೆಂಗಿದ್ದಿ ಹಂಗ ಇರತಿ, ಸಿಟ್ಟಿನ ಮಾರಿ ಮಾಡ್ಕೊಂಡು."

ಅವಳು ತಮಾಷೆಗೆ ಅಂದಳು. ನಾನೂ ನಕ್ಕೆ. ಆದರೆ ಆ ಮಾತು ಈಗಲೂ ಚುಚ್ಚುತ್ತದೆ. ಅವಳು ಕಡೆಯ ಸಲ ಕಣ್ತುಂಬ ಕಂಡ ನನ್ನ ಮುಖ ಎಲೆಗಳ ನಡುವೆ ನಿಂತು ಪೆಟ್ಟಿಗೆಯ ಮಾತು ಆಡಿದ ಮುಖ. ಅದನ್ನು ಬದಲಿಸಲು ಇನ್ನು ಬರುವುದಿಲ್ಲ.

ಹೊರಡುವಾಗ ಅಕ್ಕ ತಡವರಿಸುತ್ತ ಎದ್ದು ಉಡಿ ತುಂಬಿದಳು. ಅಕ್ಕಿಯ ಜೊತೆ ಅದೇ ಕಣವನ್ನಿಟ್ಟಳು. "ಇನ್ನ ಇದನ್ನ ಯಾರಿಗೂ ಕೊಡಬ್ಯಾಡ. ಹೊಲಿಸ್ಕೊ" ಎಂದಳು.

ಹೊಲಿಸಿಕೊಂಡೆ. ನಮ್ಮ ಓಣಿಯ ದರ್ಜಿ ಆ ಬಣ್ಣ ನೋಡಿ ಯಾವ ಸೀರೆಗೆ ಎಂದು ಕೇಳಿದ. ಯಾವುದಕ್ಕೂ ಅಲ್ಲ ಎಂದೆ. ಮೂಲೆಯನ್ನು ಕತ್ತರಿಸಿ ಎಸೆಯಬೇಡ, ಆ ಎರಡು ಗಂಟು ಬಲತೋಳಿನ ಅಂಚಿನಲ್ಲಿ ಮೇಲೆಯೇ ಬರಲಿ ಎಂದು ಎರಡೆರಡು ಸಲ ಹೇಳಿದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಆದರೂ ಹಾಗೇ ಹೊಲಿದುಕೊಟ್ಟ. ಕಂಕುಳಲ್ಲಿ ಸ್ವಲ್ಪ ಬಿಗಿಯಾಗಿದೆ.

ಕಣ ತಾನಾಗಿ ಬಂತೋ, ಅವ್ವ ಕಳಿಸಿದಳೋ ಎಂದು ಮಕ್ತಲ್‌ನ ಗೆಳತಿ ಈಗಲೂ ಕೇಳುತ್ತಾಳೆ. ತಾನಾಗಿಯೇ ಬಂತು ಎನ್ನುತ್ತೇನೆ. ನನ್ನ ಲೆಕ್ಕ ತಪ್ಪಿಲ್ಲ. ಆದರೆ ಕಾಗೆಯ ಮಾತನ್ನು ಮಾತ್ರ ಈಗ ಯಾರಿಗೂ ಹೇಳುವುದಿಲ್ಲ. ಯಾರಾದರೂ ಕನಸಿನಲ್ಲಿ ಅಜ್ಜ ಬಂದಿದ್ದ ಎಂದರೆ, ಹೌದೇನ್ರಿ ಎಂದು ಚಹಾ ಮುಗಿಯುವವರೆಗೆ ಕುಳಿತಿರುತ್ತೇನೆ.

ತಿಂಗಳಿಗೊಮ್ಮೆ ಗದ್ವಾಲಕ್ಕೆ ಹೋಗುತ್ತೇನೆ. ಮೊಣಕಾಲು ನೋಯುತ್ತದೆ, ಬಸ್ಸು ಕುಲುಕುತ್ತದೆ, ಬಿಸಿಲಿಗೆ ತಲೆ ಸುತ್ತುತ್ತದೆ. ಹೋಗಿ ಅಕ್ಕನ ಪಕ್ಕದಲ್ಲಿ ಕುಳಿತರೆ ಅವಳು ನನ್ನ ಬಲತೋಳು ಹಿಡಿದು ಅಂಚನ್ನು ಸವರುತ್ತಾಳೆ. ಎಣಿಸಿ, "ಬಂದ್ಯಾ" ಎನ್ನುತ್ತಾಳೆ.