ಕೆಳಗಿನಿಂದ ಮೂರನೇ ಮೆಟ್ಟಿಲು

ಅರವತ್ತಾರು ದಾಟಿದ ಓಂಕಾರಪ್ಪನವರು ದಿನಕ್ಕೆ ಹತ್ತು ಸಲವಾದರೂ ಕಂಪ್ಯೂಟರಿಗೆ ಬೈಯುತ್ತಿದ್ದರು. ಅದೂ ಹಿರಿಯೂರಿನ ಕನ್ನಡದಲ್ಲಿ, ವಿಜಯವಾಡದ ಒನ್ ಟೌನ್ ಎಂಬ ಹಳೇ ಪೇಟೆಯಲ್ಲಿ, ಮೆಣಸಿನಕಾಯಿ ಮಂಡಿಯ ಮೇಲಿನ ಮಹಡಿಯ ನಕ್ಷೆ ಬರೆಯುವ ಆಫೀಸಿನಲ್ಲಿ ಕೂತು. ಕೆಳಗೆ ಮೂಟೆ ಬಿಚ್ಚಿದಾಗಲೆಲ್ಲ ಇಡೀ ಆಫೀಸು ಸೀನುತ್ತಿತ್ತು. ಆ ಸಿಟ್ಟನ್ನೂ ಅವರು ಕಂಪ್ಯೂಟರಿನ ಮೇಲೆಯೇ ತೀರಿಸಿಕೊಳ್ಳುತ್ತಿದ್ದರು.

ಮೂವತ್ನಾಲ್ಕು ವರ್ಷ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಗೀಟು ಎಳೆದವರು ಅವರು. ನಿವೃತ್ತಿಯಾದ ಮೇಲೆ ಭೀಮುನಿಪಟ್ಟಣದ, ಅಂದರೆ ಜನರ ಬಾಯಲ್ಲಿ ಭೀಮಿಲಿಯ, ಸ್ವಂತ ಮನೆಯಲ್ಲಿ ಹೆಂಡತಿ ಅನ್ನಪೂರ್ಣಮ್ಮನ ಜೊತೆ ಹಾಯಾಗಿರಬಹುದಿತ್ತು. ಇರಲಾಗಲಿಲ್ಲ. ಕೈಗೆ ಕೆಲಸವಿಲ್ಲದೆ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸತೊಡಗಿದಾಗ ಆಕೆಯೇ ರೋಸಿ, ಎಲ್ಲಾದರೂ ಕೆಲಸಕ್ಕೆ ಹೋಗಿ ಎಂದು ಅಟ್ಟಿದ್ದರು. ಹಾಗಾಗಿ ವಾರವೆಲ್ಲ ವಿಜಯವಾಡ, ಶನಿವಾರ ಬೆಳಗಿನ ರೈಲು ಹತ್ತಿದರೆ ಭೀಮಿಲಿ.

ಈ ಸಲ ಕೈಗೆ ಬಂದ ಕೆಲಸವೂ ಭೀಮಿಲಿಯದೇ. ಕಾರ್ಖಾನೆಯ ನೌಕರರು ಸಂಘ ಕಟ್ಟಿಕೊಂಡು ಮಾಡಿದ ಅವರ ಬಡಾವಣೆಯಲ್ಲಿ ಅಕ್ಟೋಬರಿನ ತುಫಾನು ಬಂತೆಂದರೆ ಬೀದಿಯ ನೀರೆಲ್ಲ ಮನೆಯೊಳಗೆ. ಅನ್ನಪೂರ್ಣಮ್ಮ ಪ್ರತಿ ವರ್ಷ ಅಕ್ಕಿ ಮೂಟೆಯನ್ನು ಇಟ್ಟಿಗೆಯ ಮೇಲೇರಿಸಿ ಕಾಯುತ್ತಿದ್ದರು. ಕೊನೆಗೂ ಸಮುದ್ರದವರೆಗೆ ಒಂದು ಚರಂಡಿ ಮಂಜೂರಾಗಿತ್ತು. ಆ ನೆಲದ ಉಬ್ಬುತಗ್ಗಿನ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಸೋಮವಾರದೊಳಗೆ ಒಪ್ಪಿಸಿದರೆ ತುಫಾನಿಗೆ ಮೊದಲೇ ಅಗೆತ ಮುಗಿಯುತ್ತಿತ್ತು. ಈ ವರ್ಷದಿಂದ ಇಟ್ಟಿಗೆಯ ಕಾಟ ತಪ್ಪಿತು ಎಂದು ಓಂಕಾರಪ್ಪ ಆಗಲೇ ಹೆಂಡತಿಗೆ ಫೋನಿನಲ್ಲಿ ಮಾತು ಕೊಟ್ಟುಬಿಟ್ಟಿದ್ದರು.

ಬಡಾವಣೆಯ ಮೇಲಿನ ಅರ್ಧಕ್ಕೆ ಇದ್ದದ್ದು ಹಳೆಯ ನಕ್ಷೆ. ೧೯೯೮ರಲ್ಲಿ ರಜೆ ಹಾಕಿ, ಬಿಸಿಲಲ್ಲಿ ಅಲೆದು, ಸ್ವತಃ ಓಂಕಾರಪ್ಪನವರೇ ಬರೆದದ್ದು. ಒಂದೇ ಎತ್ತರದ ಜಾಗಗಳನ್ನು ಪೋಣಿಸುತ್ತ ಹೋಗುವ ಕಾಂಟೂರ್ ಗೆರೆಗಳು ಇನ್ನೂರ ಹನ್ನೆರಡು. ಒಂದರ ಮೇಲೊಂದು ಎಲ್ಲೂ ಬಿದ್ದಿಲ್ಲ. ಅದರ ಬಗ್ಗೆ ಅವರಿಗೆ ಹೆಮ್ಮೆ ಎಷ್ಟೆಂದರೆ ಮಗಳ ಮದುವೆಯ ಆಲ್ಬಮ್ಮಿನ ಜೊತೆ ಅದನ್ನೂ ಬೀರುವಿನಲ್ಲಿಟ್ಟಿದ್ದರು. ಸಮುದ್ರದ ಕಡೆಯ ಅರ್ಧವನ್ನು ಈ ವರ್ಷ ಬೇರೊಂದು ತಂಡ ಹೊಸದಾಗಿ ಅಳೆದಿತ್ತು.

ಎರಡನ್ನೂ ಸೇರಿಸಬೇಕಿತ್ತು. ಜೊತೆಗಿದ್ದವನು ನಂದನ್, ಹಾಸನದ ಕಡೆಯವರ ಮಗ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದ ಇಂಜಿನಿಯರು; ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮಾತು ಮುಗಿಸುವ ಪೈಕಿ. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಗೆರೆಗಳ ಮೇಲೆ ತಿದ್ದಿದರೆ ಅಷ್ಟೂ ಸೊನ್ನೆ ಎತ್ತರದಲ್ಲಿ ಅಂಗಾತ ಬಿದ್ದುಕೊಂಡವು. ಒಂದೊಂದನ್ನೇ ಮುಟ್ಟಿ ಅದರ ಎತ್ತರ ಹೇಳಿಕೊಡುವುದರಲ್ಲಿ ಎರಡು ದಿನ ಹೋಯಿತು. ಆಮೇಲೆ ಕಂಪ್ಯೂಟರು ಗೆರೆಗಳ ನಡುವೆ ತ್ರಿಕೋನ ನೇಯ್ದು, ಒಂದೇ ಗೆರೆಯ ಚುಕ್ಕಿಗಳನ್ನು ಒಂದಕ್ಕೊಂದು ಜೋಡಿಸಿ, ಗುಡ್ಡದ ನೆತ್ತಿಯನ್ನು ನುಣ್ಣಗೆ ಬೋಳಿಸಿಟ್ಟಿತು. ಓಂಕಾರಪ್ಪ ಬೈದರು. ಬೈದು, ನೆತ್ತಿಯ ಎತ್ತರಗಳನ್ನು ಕೈಯಾರೆ ಕೂಡಿಸಿ ಗುಡ್ಡಕ್ಕೆ ತಲೆ ವಾಪಸು ಕೊಟ್ಟರು.

ಗುರುವಾರ ಎರಡೂ ಅರ್ಧಗಳನ್ನು ಸೇರಿಸಿದಾಗ, ಅವು ಕೂಡುವ ನೂಕಾಲಮ್ಮನ ಗುಡಿಯ ರಸ್ತೆಯುದ್ದಕ್ಕೂ ತೆರೆಯ ಮೇಲೆ ಒಂದು ಗೋಡೆ ಎದ್ದಿತು. ಮೇಲಿನ ಅರ್ಧ ಮೇಲೆ, ಕೆಳಗಿನ ಅರ್ಧ ನಲವತ್ತು ಸೆಂಟಿಮೀಟರು ಕೆಳಗೆ.

"ಅಂಕಲ್, ಇದು ಒಳ್ಳೇದೇ ಕದಾ? ನಮಗೆ ಬೇಕಾದ ಇಳಿಜಾರು ಸಿಕ್ತು," ಎಂದ ನಂದನ್.

"ಎಲ್ಲಿ ಸಿಕ್ತು? ಇಪ್ಪತ್ತು ವರ್ಷ ಹಾಲು ತಂದಿರೋ ದಾರಿ ಕಣೋ ಅದು. ಅಲ್ಲಿ ಮೊಣಕಾಲುದ್ದ ಗೋಡೆ ಐತೆ ಅಂದ್ರೆ ನಾನು ಎಷ್ಟು ಸಲ ಬಿದ್ದಿರಬೇಕಿತ್ತು?"

ಆಫೀಸಿನ ಯಜಮಾನ ತಿರುಮಲೇಶ್ ಬಂದು ನೋಡಿ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಸ್ಮೂತ್ ಕಮಾಂಡ್ ಕೊಡಿ ಎಂದ. ಕೊಟ್ಟರು. ಗೋಡೆ ಕರಗಿ, ಗಟ್ಟಿ ಮೊಸರಿನ ಹಾಗೆ ನೆಲ ಸಮುದ್ರದ ಕಡೆಗೆ ನಯವಾಗಿ ಇಳಿಯಿತು. ಎಲ್ಲರಿಗೂ ಸಂತೋಷ, ಓಂಕಾರಪ್ಪನವರ ಹೊರತು. ಇನ್ನೂರು ಮೀಟರಿನ ಚರಂಡಿಗೆ ಬೇಕಾದ ಇಳಿಜಾರೆಲ್ಲ ಆ ನಲವತ್ತು ಸೆಂಟಿಮೀಟರಿನಿಂದಲೇ ಬಂದಿತ್ತು. ಅದು ಸುಳ್ಳಾದರೆ ಕಂಪ್ಯೂಟರಿನಲ್ಲಿ ಸಮುದ್ರ ಸೇರಿದ ನೀರು ನಿಜದಲ್ಲಿ ತಮ್ಮ ಅಡುಗೆಮನೆಯಲ್ಲಿ ನಿಲ್ಲುತ್ತದೆ ಎಂದು ಅವರು ಕೂಗಾಡಿದರು. ಕೆಳಗೆ ಯಾರೋ ಮೂಟೆ ಬಿಚ್ಚಿದರು, ಎಲ್ಲರೂ ಸೀನಿದರು.

ಅವರ ಲೆಕ್ಕದಲ್ಲಿ ತಪ್ಪು ಹೊಸ ತಂಡದ್ದೇ. ಅದರ ಮುಖ್ಯಸ್ಥೆ ಚೈತನ್ಯಾಗೆ ಫೋನು ಹಚ್ಚಿ ದಬಾಯಿಸಿದರು. ಆ ಹುಡುಗಿ ತೆಲುಗಿನ ಮರ್ಯಾದೆಯಲ್ಲಿ ಗಾರು ಗಾರು ಎನ್ನುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, ನಾವು ನಿಮ್ಮ ಹಳೆಯ ನಕ್ಷೆಯ ಮೂಲೆಯಲ್ಲಿ ಬರೆದಿರುವುದನ್ನೇ ನಂಬಿ ಅಳೆದಿದ್ದೇವೆ ಎಂದಳು. ಅಲ್ಲಿ ಬರೆದದ್ದು ಇಷ್ಟು: ನೂಕಾಲಮ್ಮನ ಗುಡಿ, ಕೆಳಗಿನಿಂದ ಮೂರನೇ ಮೆಟ್ಟಿಲು, ಎತ್ತರ ನೂರು. ಆ ಮೆಟ್ಟಿಲನ್ನು ನೂರು ಎಂದಿಟ್ಟುಕೊಂಡು ಸುತ್ತಲ ನೆಲವನ್ನೆಲ್ಲ ಅದಕ್ಕೆ ಹೋಲಿಸಿ ಅಳೆಯಬೇಕು. ಭಕ್ತರು ಅಮ್ಮನ ಮೆಟ್ಟಿಲನ್ನು ಕೀಳುವುದಿಲ್ಲ ಎಂಬ ಧೈರ್ಯದಲ್ಲಿ ಓಂಕಾರಪ್ಪ ಅಂದು ಅದನ್ನೇ ಆರಿಸಿದ್ದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಈ ಹುಡುಗರಿಗೆ ಮೂರರವರೆಗೆ ಎಣಿಸಲೂ ಬರುವುದಿಲ್ಲ ಎಂದು ನಂದನ್ ಮುಂದೆ ಗೊಣಗಿ ಅವರು ಶನಿವಾರದ ರೈಲು ಹತ್ತಿದರು.

ಭೀಮಿಲಿಯಲ್ಲಿ ಮನೆಗೂ ಹೋಗದೆ, ಚೀಲದ ಸಮೇತ ಗುಡಿಗೇ ಹೋದರು. ಮೆಟ್ಟಿಲು ಎಣಿಸಿದರು: ಐದು. ಮತ್ತೆ ಎಣಿಸಿದರು, ಐದೇ. ಅವರ ನೆನಪಿನಲ್ಲಿ ಏಳಿದ್ದವು. ವರ್ಷಗಟ್ಟಲೆ ಹಾಲಿನ ಚೊಂಬು ಹಿಡಿದು ಅದರ ಮುಂದೆಯೇ ಓಡಾಡಿದ್ದರೂ ಒಂದು ದಿನವೂ ಎಣಿಸಿ ನೋಡಿರಲಿಲ್ಲ.

ಗುಡಿಯ ಬಾಗಿಲಲ್ಲಿ ಹೂ ಮಾರುವ ರಾಜ್ಯಲಕ್ಷ್ಮಿ ಅವರ ಎಣಿಕೆ ನೋಡಿ, ಹರಕೆಯಾ ಬಾಬೂ ಎಂದು ಕೇಳಿದಳು. ಉಳಿದೆರಡು ಎಲ್ಲಿ ಹೋದವು ಎಂದರು ಇವರು. ಅವಳು ರಸ್ತೆಯನ್ನು ತೋರಿಸಿದಳು. ಜಲ್ಲಿ ಸುರಿದು ಎರಡು ಸಲ ಡಾಂಬರು ಹಾಕಿದ್ದರು, ಸಲಕ್ಕೊಂದು ಮೆಟ್ಟಿಲು ಒಳಗೆ ಹೋಯಿತು. ತಾನು ಬುಟ್ಟಿ ಇಡುವ ಮೆಟ್ಟಿಲು ಅತ್ತೆಯ ಕಾಲದಿಂದಲೂ ಅದೇ, ಆಗ ನಾಲ್ಕನೆಯದು, ಈಗ ಎರಡನೆಯದು ಎಂದಳು. ಸೊಂಟ ಬಗ್ಗಿಸುವುದು ಸುಲಭವಾಯಿತು ಎಂದೂ ಸೇರಿಸಿದಳು.

ಓಂಕಾರಪ್ಪ ಟೇಪು ತೆಗೆದು ಎರಡು ಮೆಟ್ಟಿಲು ಅಳೆದರು. ಸರಿಯಾಗಿ ನಲವತ್ತು ಸೆಂಟಿಮೀಟರು. ಅವರ ಮೂರನೇ ಮೆಟ್ಟಿಲು ಈಗ ಮೊದಲನೆಯದಾಗಿತ್ತು. ಚೈತನ್ಯಾಳ ತಂಡ ಇವರ ಮಾತು ನಂಬಿ ಕೆಳಗಿನಿಂದ ಎಣಿಸಿ, ಎರಡು ಮೆಟ್ಟಿಲು ಮೇಲೆ ಹೋಗಿ ನಿಂತಿತ್ತು. ಅಲ್ಲಿಂದ ನೋಡಿದ್ದಕ್ಕೇ ಸಮುದ್ರದ ಕಡೆಯ ನೆಲವೆಲ್ಲ ಅಷ್ಟು ತಗ್ಗಾಗಿ ಕಂಡಿತ್ತು. ಮೆಟ್ಟಿಲು ಕದಲಿರಲಿಲ್ಲ, ಕೆಳಗಿನ ರಸ್ತೆಯೇ ಎದ್ದು ಬಂದಿತ್ತು. ಮೇಲಿನಿಂದ ಎಣಿಸಿ ಐದನೆಯದು ಎಂದು ಬರೆದಿದ್ದರೆ ಮುಗಿಯುತ್ತಿತ್ತು. ನೆಲವೊಂದೇ ಖಾತ್ರಿ ಎಂದು ನೆಲದಿಂದ ಎಣಿಸಿದ್ದರು. ನಾಚಿಕೆಯಿಂದ ಅವರ ಕಿವಿ ಬಿಸಿಯಾದವು.

ಸುಮ್ಮನಿದ್ದುಬಿಡಬಹುದು ಎಂದು ಒಂದು ಗಳಿಗೆ ಅನ್ನಿಸಿತು. ನಯವಾದ ಮಾದರಿ ಸಿದ್ಧವಿತ್ತು, ಯಾರೂ ಮೆಟ್ಟಿಲು ಎಣಿಸಲು ಬರುವುದಿಲ್ಲ. ಚರಂಡಿಯಾದರೂ ಆಗುತ್ತದೆ. ನೀರು ನಿಂತ ದಿನ ಮಾತ್ರ ಬೀದಿಗೆಲ್ಲ ಗೊತ್ತಾಗುತ್ತದೆ. ಫೋನು ತೆಗೆದು ನಂದನ್‌ಗೆ ಹಚ್ಚಿದರು.

"ನಂದನ್, ತಪ್ಪು ನಂದೇ ಕಣೋ. ಆ ಹುಡುಗಿ ಸರಿಯಾಗೇ ಎಣಿಸ್ಯಾಳೆ. ಹೊಸ ಹಾಳೆನ ನಲವತ್ತು ಸೆಂಟಿಮೀಟರ್ ಮೇಲೆತ್ತು."

ಆ ಕಡೆ ಕೀಲಿ ಒತ್ತುವ ಸದ್ದು. "ಎತ್ತಿದೆ ಅಂಕಲ್. ಗೋಡೆ ಹೋಯ್ತು. ಇಳಿಜಾರೂ ಹೋಯ್ತು. ಚರಂಡಿ ದಾರಿನೇ ಬದಲಾಯಿಸಬೇಕು. ಸೋಮವಾರಕ್ಕೆ ಆಗೋದಿಲ್ಲ ಅಂಡಿ. ಈ ವರ್ಷ ಅಗೆಯೋದು ಕಷ್ಟ."

ಗೊತ್ತು ಎಂದು ಓಂಕಾರಪ್ಪ ಫೋನಿಟ್ಟರು. ಚೈತನ್ಯಾಗೂ ಹಚ್ಚಿ, ತಡವರಿಸುವ ತೆಲುಗಿನಲ್ಲಿ ಕ್ಷಮೆ ಕೇಳಿದರು. ಅವಳು ಪರವಾಗಿಲ್ಲ ಎಂದದ್ದಕ್ಕೂ ಅವರಿಗೆ ಸಿಟ್ಟೇ ಬಂತು.

ಮನೆಯಲ್ಲಿ ಅನ್ನಪೂರ್ಣಮ್ಮ ಬಾಗಿಲಲ್ಲೇ ನಿಂತಿದ್ದರು. ಒಳಗೆ ಅಕ್ಕಿ ಮೂಟೆ ಇನ್ನೂ ಇಟ್ಟಿಗೆಯ ಮೇಲಿತ್ತು.

"ಬಂದ್ರಾ? ನೀವು ಬರ್ಲಿ ಅಂತ ಕಾಯ್ತಿದ್ದೆ. ಒಬ್ಬಳ ಕೈಲಿ ಆಗ್ಲಿಲ್ಲ. ಬನ್ನಿ, ಒಂದು ಕೈ ಹಿಡೀರಿ, ಇಳಿಸಿಬಿಡಾಣ."

ಓಂಕಾರಪ್ಪ ಚೀಲ ಕೆಳಗಿಟ್ಟು ಮೂಟೆಯ ಒಂದು ತುದಿ ಹಿಡಿದರು.

"ಇಳಿಸಬ್ಯಾಡ," ಎಂದರು. "ಎತ್ತು. ಇನ್ನೊಂದು ಸಾಲು ಇಟ್ಟಿಗೆ ಹಾಕಾಣ."