ಬಸ್ ಟೀಚರ್ ಕೂರುವ ಕುರ್ಚಿ

ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಗೋಡೆಯಿಲ್ಲ. ಎರಡು ಬೀರು, ಒಂದು ಪರದೆ, ಅಷ್ಟೇ. ಹೀಗಾಗಿ ಹನ್ನೊಂದು ವರ್ಷದಿಂದ ನನ್ನ ಮಕ್ಕಳಿಗೆ ಬಣ್ಣ ಹಚ್ಚುವುದನ್ನು ಕಲಿಸುತ್ತಾ, ಒಂದು ಕಿವಿಯಲ್ಲಿ ಅವರ ಬಸ್ಸಿನ ಗಲಾಟೆ ಕೇಳುತ್ತಾ ಬಂದಿದ್ದೇನೆ. ನಮ್ಮ ಶಿಶುವಿಹಾರದಲ್ಲಿ ಮಕ್ಕಳು, ಆಯಾ, ತಾಯಂದಿರು ಎಲ್ಲರೂ ಅವರನ್ನು ಕರೆಯುವುದು ಬಸ್ ಟೀಚರ್ ಎಂದೇ.

ಆಟ ಸುಲಭ. ಪುಟ್ಟ ಕುರ್ಚಿಗಳನ್ನು ಎರಡು ಸಾಲಾಗಿ ಇಟ್ಟರೆ ಬಸ್ಸು. ಮೂವರು ಮಕ್ಕಳು ಕೂತಿರುತ್ತಾರೆ. ಪೀಪಿ ಊದಿದರೆ ಬಸ್ಸು ನಿಲ್ಲುತ್ತದೆ, ಇನ್ನಿಬ್ಬರು ಹತ್ತುತ್ತಾರೆ. "ಈಗ ಬಸ್ಸಲ್ಲಿ ಎಷ್ಟು ಜನ?" ಐದು ಎಂದರೆ ಬಸ್ಸು ಹೊರಡುತ್ತದೆ, ತಪ್ಪಿದರೆ ಪಂಕ್ಚರ್. ಪಂಕ್ಚರ್ ಆದರೆ ಎಲ್ಲರೂ ಇಳಿದು ತಳ್ಳಬೇಕು. ತಳ್ಳುವ ಆಸೆಗೆ ಕೆಲವು ಕಿಲಾಡಿಗಳು ಬೇಕೆಂದೇ ತಪ್ಪು ಹೇಳುವುದೂ ಉಂಟು.

ಮೊದಲೆಲ್ಲ ಅವರು ಕಂಡಕ್ಟರ್. ಪೀಪಿ ಕಚ್ಚಿಕೊಂಡು ಬಸ್ಸಿನ ಪಕ್ಕದಲ್ಲಿ ಓಡಾಡುತ್ತಿದ್ದರು. ಈ ವರ್ಷ ಎಡ ಮೊಣಕಾಲು ಕೈಕೊಟ್ಟಿತು. ಕಾಲು ಹೇಗೆ ಕೈಕೊಡುತ್ತದೆ ಎಂದು ನಾನು ತಮಾಷೆ ಮಾಡಿದೆ, ಅವರು ನಗಲಿಲ್ಲ. ಅವತ್ತಿನಿಂದ ಸಾಲಿನ ಮುಂದೆ ಒಂದು ದೊಡ್ಡ ಕುರ್ಚಿ ಹಾಕಿಸಿಕೊಂಡು, ಸ್ಟೀಲ್ ತಟ್ಟೆಯೊಂದನ್ನು ತಿರುಗಿಸುತ್ತಾ ಡ್ರೈವರ್ ಆದರು. ಅದೊಂದು ಬದಲಾವಣೆ ಎಂದು ನಮಗ್ಯಾರಿಗೂ ಅನಿಸಲೇ ಇಲ್ಲ.

ಇಪ್ಪತ್ತಾರು ವರ್ಷ ಎರಡಕ್ಕೆ ಒಂದು ಕೂಡಿಸಿ ಕೂಡಿಸಿ ಅವರು ಹಣ್ಣಾಗಿದ್ದರು. "ಕಷ್ಟಪಟ್ಟು ಹತ್ತರ ತನಕ ಬರ್ತೀನಿ. ರಜೆ ಮುಗಿದ್ರೆ ಮತ್ತೆ ಒಂದರಿಂದ ಶುರು. ಎಲ್ಲರೂ ಮುಂದಿನ ಕ್ಲಾಸಿಗೆ ಹೋಗ್ತಾರೆ, ನಾನೊಬ್ಬಳು ಫೇಲು" ಎನ್ನುತ್ತಿದ್ದರು. ಮನೆಯಲ್ಲೂ ಬಿಡುವಿಲ್ಲ. ಒಮ್ಮೆ ಊಟದ ಹೊತ್ತಿಗೆ ಹೋಗಿದ್ದೆ. ಗಂಡ, ಅತ್ತೆ, ಇಬ್ಬರು ಗಂಡುಮಕ್ಕಳು, ಇವರು. ಜನ ಐದು, ಹಾಕಿದ್ದ ತಟ್ಟೆ ನಾಲ್ಕು. ನಿಮ್ಮದೆಲ್ಲಿ ಎಂದು ಕೇಳಿದರೆ, "ನಾನು ಒಲೆ ಹತ್ರ ನಿಂತುಕೊಂಡೇ ಮುಗಿಸ್ತೀನಿ ಬಿಡಿ" ಎಂದರು. ನನಗೆ ಮೈ ಉರಿಯಿತು. ಆ ಮನೆಯಲ್ಲಿ ಬೇರೆ ಯಾರಿಗೂ ಏನೂ ಅನಿಸಿದಂತೆ ಕಾಣಲಿಲ್ಲ.

ಈ ವರ್ಷ ಅವರ ಕೋಣೆಗೆ ಬಂದವಳು ಇರುವೆ. ಅವಳ ಅಮ್ಮನೇ ಇಟ್ಟ ಅಡ್ಡಹೆಸರು ಅದು. ಗಾತ್ರವೂ ಹಾಗೇ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಹೊತ್ತು ತರುವ ಚಾಳಿಯೂ ಹಾಗೇ. ಮಾತು ಕಡಿಮೆ. ಆದರೆ ಬಸ್ಸಿನಾಟದಲ್ಲಿ ಅವಳ ಸರದಿ ಬಂದರೆ ಪಂಕ್ಚರ್ ಗ್ಯಾರಂಟಿ. ಮೂರಕ್ಕೆ ಒಂದು ಸೇರಿದರೆ ಐದು, ಎರಡಕ್ಕೆ ಎರಡು ಸೇರಿದರೂ ಐದು. ಬಾಟಲಿ ಮುಚ್ಚಳ ಕೊಟ್ಟು ಎಣಿಸು ಎಂದಾಗ ಸರಿಯಾಗಿಯೇ ಹೇಳುತ್ತಿದ್ದಳು. ಪಕ್ಕದ ಹುಡುಗಿಯನ್ನು ನೋಡಿ ಹೇಳುತ್ತಾಳೆ ಎಂದು ಬಸ್ ಟೀಚರ್ ಅದನ್ನು ತಳ್ಳಿಹಾಕಿದರು. ನಾನೂ ಹಾಗೇ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ವರ್ಷದ ಕೊನೆಗೆ ಪ್ರತಿ ಮಗುವಿಗೂ ಒಂದು ಫಾರಂ ತುಂಬಬೇಕು. ರಸ್ತೆಯಾಚೆಯ ದೊಡ್ಡ ಶಾಲೆಗೆ ಹೋಗಲು ತಯಾರಿದೆಯೋ ಇಲ್ಲವೋ ಎಂದು. ಇರುವೆಯ ಫಾರಂನಲ್ಲಿ "ಕೂಡಲು ಬರುವುದಿಲ್ಲ, ಇನ್ನೊಂದು ವರ್ಷ ಇಲ್ಲೇ ಇರಲಿ" ಎಂದು ಬರೆದಾಗಿತ್ತು. ಸಹಿಯೊಂದು ಬಾಕಿ. ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅದು ಹೆಡ್ ಟೀಚರ್ ಮೇಜಿನ ಮೇಲಿರಬೇಕು.

ಅವತ್ತು ಬೆಳಿಗ್ಗೆ ಅವಳ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದವಳು. ಬೆರಳೆಲ್ಲ ನೀರಲ್ಲಿ ನೆನೆದು ಬಿಳಿಚಿಕೊಂಡಿದ್ದವು.

"ಟೀಚರ್, ದೊಡ್ಡ ಶಾಲೇಲಿ ನಾಲ್ಕು ಗಂಟೆ ತನಕ ಇಟ್ಕೋತಾರೆ. ಇಲ್ಲಿ ಹನ್ನೆರಡಕ್ಕೇ ಬಿಡ್ತೀರ. ಇಷ್ಟು ದಿನ ನೋಡ್ಕೋತಿದ್ದ ಪಕ್ಕದ ಮನೆ ಅಜ್ಜಿ ಮನೆ ಖಾಲಿ ಮಾಡ್ತಿದಾರೆ. ಇವಳನ್ನ ಇಲ್ಲೇ ಉಳಿಸಿದ್ರೆ ನಾನು ಕೆಲಸ ಬಿಡ್ಬೇಕು."

"ಬರದೇ ಇರೋದನ್ನ ಬರುತ್ತೆ ಅಂತ ಹೇಗಮ್ಮ ಬರೀಲಿ?" ಎಂದರು ಬಸ್ ಟೀಚರ್. ಅಮ್ಮ ಕೆಲಸಕ್ಕೆ ಹೊರಟಳು.

ಆದರೂ ಅವರ ಮನಸ್ಸು ಕೇಳಲಿಲ್ಲ. ಹನ್ನೊಂದಕ್ಕೆ ಕೊನೆಯದಾಗಿ ಒಮ್ಮೆ ಬಸ್ಸು ಹೊರಡಿಸಿದರು. ನಾನು ಪರದೆ ಸರಿಸಿ ನೋಡುತ್ತಾ ನಿಂತೆ. ಇಬ್ಬರು ಕೂತರು, ಇನ್ನಿಬ್ಬರು ಹತ್ತಿದರು. ಅಷ್ಟರಲ್ಲಿ ಮಂಡಿ ನೋವು ತಡೆಯಲಾರದೆ ಬಸ್ ಟೀಚರ್ ಎದ್ದು ಕಿಟಕಿಯ ಬಳಿ ಹೋದರು. ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿಯುತ್ತಾ ಅಲ್ಲಿಂದಲೇ ಕೇಳಿದರು.

"ಇರುವೆ, ಈಗ ಬಸ್ಸಲ್ಲಿ ಎಷ್ಟು ಜನ?"

"ನಾಲ್ಕು."

ಲೋಟ ಕೈಯಲ್ಲೇ ಉಳಿಯಿತು. ಕುಂಟುತ್ತಾ ಬಂದು ತಮ್ಮ ಕುರ್ಚಿಯಲ್ಲಿ ಕೂತು ಇನ್ನೊಮ್ಮೆ ಕೇಳಿದರು.

"ಐದು" ಎಂದಳು ಇರುವೆ.

"ಈಗ ತಾನೇ ನಾಲ್ಕು ಅಂದ್ಯಲ್ಲೇ!"

"ಆಗ ನೀವು ಇಳಿದಿದ್ರಿ. ಈಗ ಹತ್ತಿದ್ರಿ."

ಹಿಂದಿನ ಕುರ್ಚಿಯ ಹುಡುಗ, "ಡ್ರೈವರ್‌ನ ಎಣಿಸಬಾರದು ಕಣೇ" ಎಂದು ಬುದ್ಧಿ ಹೇಳಿದ.

"ಯಾಕೆ?" ಎಂದಳು ಇರುವೆ. ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಬಸ್ ಟೀಚರ್ ಸ್ಟೀಲ್ ತಟ್ಟೆಯನ್ನು ಕೆಳಗಿಟ್ಟರು. ಆಮೇಲೆ ಎದ್ದು ಬೀರುವಿನ ಬಳಿ ಬಂದು ಹಳೆಯ ಫಾರಂ ಹರಿದು, ಹೊಸದೊಂದನ್ನು ತೆಗೆದು ಬರೆದರು: "ಕೂಡಲು ಬರುತ್ತದೆ. ಯಾರನ್ನೂ ಬಿಡದೆ ಎಣಿಸುತ್ತಾಳೆ. ದೊಡ್ಡ ಶಾಲೆಗೆ ಕಳಿಸಬಹುದು." ಸಹಿಯನ್ನೂ ಹಾಕಿದರು.

"ಯಾಕೆ ಐದು ಅಂತ ಒಂದು ಸಲನೂ ಕೇಳ್ಲಿಲ್ಲ ಕಣ್ರೀ" ಎಂದರು ನನಗೆ. "ವರ್ಷವಿಡೀ ಪಂಕ್ಚರ್ ಪಂಕ್ಚರ್ ಅಂತ ಮಗೂನ ಇಳಿಸಿ ತಳ್ಳಿಸಿದೆ. ಅಷ್ಟು ಸುಸ್ತಾಗೋಗಿದೀನಾ ನಾನು?"



ಅಷ್ಟರಲ್ಲಿ ಆ ಕಡೆ ಮಕ್ಕಳೇ ಬಸ್ಸು ತುಂಬಿಸಿಕೊಂಡಿದ್ದರು. ಒಂದು ಪುಟ್ಟ ಕುರ್ಚಿಯೂ ಖಾಲಿಯಿಲ್ಲ. ಅದೇ ಹುಡುಗ ಪೀಪಿ ಊದಿ, "ಎಲ್ಲರೂ ಹತ್ತಿದ್ರು, ರೈಟ್ ರೈಟ್!" ಎಂದು ಕೂಗಿದ.

ಇರುವೆ ಎದ್ದು ನಿಂತು, ಬೆರಳು ಮಡಚುತ್ತಾ ಹಿಂದಿನಿಂದ ಮುಂದಕ್ಕೆ ಎಣಿಸಿದಳು. ದೊಡ್ಡ ಕುರ್ಚಿಯ ಹತ್ತಿರ ಬಂದು ಬೆರಳು ನಿಂತಿತು.

"ತಡಿ, ಇನ್ನೂ ಒಬ್ರು ಬಂದಿಲ್ಲ" ಎಂದಳು.

ಬಸ್ ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡು, ಕಾಲೆಳೆಯುತ್ತಾ ಹೋಗಿ ತಮ್ಮ ಜಾಗದಲ್ಲಿ ಕೂತರು.