ಸುಂದರಕ್ಕನ ಮಗಳ ಮೊದಲ ಆಟಿ

ಸುಂದರಕ್ಕನ ಮೀನು ಸಾರಿಗೆ ಉಪ್ಪು ಯಾವಾಗಲೂ ಒಂದು ಚಿಟಿಕೆ ಕಡಿಮೆ. ಬಿಟಿಎಂ ಲೇಔಟಿನ ಅವರ ಪುಟ್ಟ ಹೋಟೆಲಿಗೆ ಹೊಸದಾಗಿ ಬಂದವರು ಮುಖ ಕಿವುಚುತ್ತಿದ್ದರು. ನಮ್ಮಂಥ ಹಳಬರು ಉಪ್ಪಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡೇ ಕೂರುತ್ತಿದ್ದೆವು. "ಏನಕ್ಕಾ, ಕಡಲ ಪಕ್ಕದಿಂದ ಬಂದು ಉಪ್ಪಿಗೆ ಇಷ್ಟು ಜುಗ್ಗತನನಾ?" ಎಂದು ಕೆಣಕಿದರೆ, "ಕೈ ಕೇಳುದಿಲ್ಲ ಮಾರಾಯ್ರೆ. ನಮ್ಮ ಬಾವಿ ನೀರೇ ಉಪ್ಪು. ಅದರಲ್ಲೇ ಅಡಿಗೆ ಮಾಡಿ ಮಾಡಿ ಅಭ್ಯಾಸ ಆಗಿ ಹೋಗಿದೆ" ಎನ್ನುತ್ತಿದ್ದರು.

ಮಂಗಳೂರಿನಾಚೆ, ಕಡಲಿಗೆ ಮುಖ ಮಾಡಿದ ತಗ್ಗಿನಲ್ಲಿ ಅವರ ಮನೆ. ಅಮ್ಮನಿಂದ ಬಂದದ್ದು. ಅವರ ಬಾಲ್ಯದಲ್ಲಿ ಬಾವಿಯ ನೀರು ಸಿಹಿಯಾಗಿತ್ತಂತೆ. ಅಂಗಳದಿಂದ ಅಲೆಯವರೆಗೆ ಓಡುವಷ್ಟರಲ್ಲಿ ಬಿಸಿ ಮರಳಿಗೆ ಅಂಗಾಲು ಸುಡುತ್ತಿತ್ತಂತೆ. ವರ್ಷ ವರ್ಷ ಕಡಲು ಹತ್ತಿರ ಬಂತು. ತೆಂಗಿನ ಸಾಲು ಹೋಯಿತು, ಅಡ್ಡ ಹಾಕಿದ ಬಂಡೆಗಳೂ ಮರಳಿನಲ್ಲಿ ಕುಸಿದವು. ಸುಂದರಕ್ಕ ಕಡಲನ್ನು ಬೈದದ್ದು ನಾನು ಕೇಳಿಲ್ಲ. ಮಳೆಗಾಲದಲ್ಲಿ ಊರಿನಿಂದ ಫೋನ್ ಬಂದರೆ ಮೊದಲ ಮಾತೇ, "ಎಲ್ಲಿವರೆಗೆ ಬಂತು?"

ಈ ಬೇಸಿಗೆಯಲ್ಲಿ ಅವರ ಒಬ್ಬಳೇ ಮಗಳು ವನಿತಾಳ ಮದುವೆಯಾಯಿತು. ನಮ್ಮ ಕಡೆ ಆಷಾಢಕ್ಕೆ ಹೊಸ ಮದುಮಗಳನ್ನು ತವರಿಗೆ ಕರೆತರುವ ಹಾಗೆ, ಅವರಲ್ಲಿ ಆಟಿ ತಿಂಗಳು. ಮಳೆಯೂ ಕಡಲೂ ಸೇರಿ ಉಕ್ಕುವ ತಿಂಗಳೂ ಅದೇ. ಈ ಒಂದು ಆಟಿಯವರೆಗೆ ಮನೆ ನಿಂತರೆ ಸಾಕು ಎಂದು ಸುಂದರಕ್ಕ ಹಂಬಲಿಸುತ್ತಿದ್ದರು. ಬಿರುಕು ಬಿಟ್ಟ ಗೋಡೆಗೆ ಸಿಮೆಂಟು ಹಾಕಿಸಿ ಬಂದರು.

"ಅಷ್ಟೆಲ್ಲ ಯಾಕೆ ಒದ್ದಾಡ್ತೀರಿ, ಇಲ್ಲಿಗೇ ಕರ್ಕೊಂಡ್ ಬನ್ನಿ" ಎಂದೆ.

ಸೌಟು ಹಿಡಿದೇ ತಿರುಗಿದರು. "ಎಂತ ಹೇಳ್ತೀರಿ ನೀವು? ಬಾಡಿಗೆ ಹೋಟೆಲಿನ ಹಿಂದಿನ ಕೋಣೆ ತವರು ಆಗ್ತದಾ? ನನ್ನ ಅಮ್ಮ ನನ್ನನ್ನು ಆ ಮನೆಗೇ ಕರ್ಕೊಂಡು ಬಂದದ್ದು. ನಾನೂ ಅಲ್ಲಿಗೇ ಕರ್ಕೊಂಡು ಹೋಗ್ತೇನೆ."

ಬೈಸಿಕೊಂಡು ಉಪ್ಪಿನ ಡಬ್ಬಿ ಎಳೆದುಕೊಂಡೆ.

ಆಟಿ ಹುಟ್ಟುವ ಮೊದಲೇ ಮನೆ ಹೋಯಿತು. ಕೆಲವು ದಿನ ಹೋಟೆಲಿನ ಬಾಗಿಲು ಮುಚ್ಚಿತ್ತು. ಮತ್ತೆ ತೆರೆದ ದಿನ ಕೇಳಿದರೆ, "ಗೋಡೆಯೂ ಇಲ್ಲ, ಬಾವಿಯೂ ಇಲ್ಲ" ಎಂದು ಹೇಳಿ ಅನ್ನ ಬಡಿಸಿದರು. ನನಗೆ ತುಂಬಾ ಸಂಕಟವಾಯಿತು.

ನಾನು ದೂರದ ತಲಘಟ್ಟಪುರಕ್ಕೆ ಮನೆ ಬದಲಿಸುವ ದಿನ ಕೊನೆಯ ಸಲ ಅಲ್ಲಿ ಊಟಕ್ಕೆ ಹೋದೆ. ಆಮೇಲೆ ಆ ಕಡೆ ಹೋಗಲು ಆಗಲೇ ಇಲ್ಲ. ಅಂದು ವನಿತಾ ಬಂದಿದ್ದಳು. ಹಿಂದಿನ ಕೋಣೆಯ ಮಂಚಕ್ಕೆ ಹೊಸ ಚಾದರ ಹಾಸಿತ್ತು, ಒಲೆಯ ಮೇಲೆ ಕೆಸುವಿನೆಲೆಯ ಪತ್ರೊಡೆ ಬೇಯುತ್ತಿತ್ತು. ಸುಂದರಕ್ಕ ಮಾತ್ರ ತಪ್ಪು ಮಾಡಿದವರ ಹಾಗೆ ಮಗಳ ಮುಖ ನೋಡದೆ ಓಡಾಡುತ್ತಿದ್ದರು. "ಇಲ್ಲಿ ಗಾಳಿ ಇಲ್ಲ, ಸೆಕೆ ಆಗ್ತದಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ನನ್ನೆದುರು ಕೂತಿದ್ದ ಗಿರಾಕಿಯೊಬ್ಬ ವನಿತಾಳನ್ನು ಕೇಳಿದ, "ಬೆಂಗ್ಳೂರು ನೋಡೋಕೆ ಬಂದ್ರಾ ಮೇಡಂ?"

"ಇಲ್ಲ ಸಾರ್. ಈಗ ಆಟಿ ಅಲ್ವಾ, ತವರಿಗೆ ಬಂದದ್ದು" ಎಂದಳು ಅವಳು.

ಬಡಿಸುತ್ತಿದ್ದ ಸುಂದರಕ್ಕನ ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲಿಗೆ ಹೋಗಿ ಶಟರನ್ನು ಅರ್ಧ ಎಳೆದು, ನಮ್ಮ ಕಡೆ ತಿರುಗಿದರು.

"ಎಲ್ಲರೂ ಬೇಗ ಊಟ ಮುಗಿಸಿ. ಇವತ್ತು ಹೋಟೆಲ್ ಇಲ್ಲ. ಮಗಳು ಮನೆಗೆ ಬಂದಿದ್ದಾಳೆ."